ಟೋಕಿಯೊ ಪಕ್ಕ 30 ಲಕ್ಷ ರೂಪಾಯಿಯ ಫ್ಲ್ಯಾಟ್: ಅಷ್ಟು ಅಗ್ಗ ಯಾಕೆ?

ಟೋಕಿಯೊ ಪಕ್ಕದ ಫುನಾಬಾಶಿ ಊರಲ್ಲಿ ನಾವು ನೋಡಲು ಹೋದ ಫ್ಲ್ಯಾಟ್ ನಾಲ್ಕನೇ ಮಹಡಿಯಲ್ಲಿತ್ತು. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. 1979ರಲ್ಲಿ ಕಟ್ಟಿದ್ದು. ಒಳಗೆ ಗೋಡೆಗೆಲ್ಲ ಹೊಸ ಬಿಳಿ ಕಾಗದ ಅಂಟಿಸಿದ್ದರು, ನೆಲಕ್ಕೆ ಹೊಸ ಹಲಗೆ ಹಾಕಿದ್ದರು. ಬಚ್ಚಲಲ್ಲಿ ಮಾತ್ರ ತೊಟ್ಟಿಯ ಪಕ್ಕದಲ್ಲೇ ಹಳೇ ಕಾಲದ ಗ್ಯಾಸ್ ಬಾಯ್ಲರ್ ಕೂತಿತ್ತು, ಹಿಡಿ ತಿರುಗಿಸಿ ಹೊತ್ತಿಸುವಂಥದ್ದು. ವಾಷಿಂಗ್ ಮಷಿನ್‌ಗೆ ಒಳಗೆ ಜಾಗವಿಲ್ಲ, ಅದರ ನಲ್ಲಿ ಇದ್ದದ್ದು ಬಾಲ್ಕನಿಯಲ್ಲಿ. ಒಟ್ಟು 48 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 515 ಚದರ ಅಡಿ. ಬೆಲೆ 50 ಲಕ್ಷ ಯೆನ್. ಒಂದು ಯೆನ್‌ಗೆ 60 ಪೈಸೆ ಅಂತ ಹಿಡಿದರೆ 30 ಲಕ್ಷ ರೂಪಾಯಿ.

ಫೋಟೋ ಕಳಿಸಿದ್ದೇ ತಡ, ಮೈಸೂರಿನಿಂದ ಅಣ್ಣನ ಫೋನ್ ಬಂತು. "30 ಲಕ್ಷಕ್ಕೆ ಇಲ್ಲಿ ಒಂದು ಸೈಟೂ ಬರಲ್ಲ. ಯೋಚನೆ ಮಾಡ್ಬೇಡ, ತಗೊಂಡುಬಿಡು" ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಊರಲ್ಲಿ ಕೂತು ನೋಡಿದರೆ ಹಾಗೇ ಕಾಣುತ್ತದೆ. ಜಪಾನ್‌ನಲ್ಲಿ ನೆಲೆಸಿರುವ ನಮ್ಮವರಲ್ಲೂ ತುಂಬಾ ಜನ ಈಗ ಇಂಥ ಫ್ಲ್ಯಾಟ್ ನೋಡಲು ಹೊರಟಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅಗ್ಗದ ಫ್ಲ್ಯಾಟ್ ಕೊಂಡವರು ಆ ಕಟ್ಟಡದ ವಯಸ್ಸು, ಅದರ ಉಳಿತಾಯ, ಅದರ ಸಾಲಸೋಲ ಎಲ್ಲಕ್ಕೂ ಪಾಲುದಾರರಾಗುತ್ತಾರೆ. ಮಾರಾಟದ ಬೆಲೆ ಇದರಲ್ಲಿ ಒಂದು ತುಂಡು ಮಾತ್ರ.

ಮೊದಲು, ಜನ ಯಾಕೆ ಕೊಳ್ಳಲು ಹೊರಡುತ್ತಾರೆ ಅನ್ನುವುದನ್ನು ನೋಡೋಣ. 2024ರ ಕೊನೆಗೆ ಜಪಾನ್‌ನಲ್ಲಿ ಸುಮಾರು 37.7 ಲಕ್ಷ ವಿದೇಶಿ ನಿವಾಸಿಗಳಿದ್ದರು. ಭಾರತೀಯರ ಸಂಖ್ಯೆ 50 ಸಾವಿರ ದಾಟಿದೆ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ-ಕಸಾಯಿ ನಮ್ಮವರ ದೊಡ್ಡ ನೆಲೆ. ವೈ2ಕೆ, ಅಂದರೆ 2000ನೇ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ಕೆಲಸಕ್ಕೆಂದು ಇಂಜಿನಿಯರುಗಳು ಬಂದ ಕಾಲದಿಂದ ಅದು ಬೆಳೆಯಿತು. ಮಧ್ಯ ಟೋಕಿಯೊದ ಆಫೀಸುಗಳಿಗೆ ತೋಝೈ ಮೆಟ್ರೊ ಲೈನಿನಲ್ಲಿ ಸೀದಾ ಹೋಗಬಹುದು ಅನ್ನುವುದು ಒಂದು ಕಾರಣ. ಯುಆರ್ ಅನ್ನುವ ಸಾರ್ವಜನಿಕ ಸಂಸ್ಥೆಯ ಬಾಡಿಗೆ ಮನೆಗಳು ಅಲ್ಲಿ ಇದ್ದದ್ದು ಇನ್ನೊಂದು ಕಾರಣ. ಯುಆರ್‌ಗೆ ಜಾಮೀನುದಾರ ಬೇಡ, ಮಾಲೀಕರಿಗೆ ಕೊಡುವ 'ಕಾಣಿಕೆ ಹಣ' ಬೇಡ, ಬ್ರೋಕರ್ ಕಮಿಷನ್ನೂ ಬೇಡ.

ಬೇರೆ ಕಡೆ ಬಾಡಿಗೆಗೆ ಹುಡುಕಿದವರಿಗೆ ಗೊತ್ತು, ಇದು ಎಷ್ಟು ದೊಡ್ಡ ವಿಷಯ ಅಂತ. ಜಪಾನ್ ಕಾನೂನು ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರಲ್ಲಿ ಸುಮಾರು ಶೇ 40ರಷ್ಟು ಜನ 'ವಿದೇಶಿ ಅನ್ನುವ ಕಾರಣಕ್ಕೇ ಮನೆ ಕೊಡಲಿಲ್ಲ' ಅಂದಿದ್ದರು. ಏಜೆಂಟ್ ನಮ್ಮ ಎದುರಿಗೇ ಮಾಲೀಕರಿಗೆ ಫೋನ್ ಮಾಡುತ್ತಾನೆ. 'ವಿದೇಶಿಯರು, ಆದರೆ ಜಪಾನಿ ಭಾಷೆ ಚೆನ್ನಾಗಿ ಬರುತ್ತೆ' ಅನ್ನುತ್ತಾನೆ. ಆಮೇಲೆ ತಲೆ ತಗ್ಗಿಸಿ 'ಕ್ಷಮಿಸಿ' ಅನ್ನುತ್ತಾನೆ. ಎರಡು ಮಕ್ಕಳನ್ನು ಕೂರಿಸಿಕೊಂಡು ಇದನ್ನು ನಾಲ್ಕು ಸಲ ಕೇಳಿದರೆ ಯಾರಿಗಾದರೂ ಸ್ವಂತ ಮನೆಯೇ ವಾಸಿ ಅನ್ನಿಸುತ್ತದೆ. ಆ ನೋವು ನಿಜ. ಹಾಗಂತ ಬೇಸರದಲ್ಲಿ ಕೊಳ್ಳಬಾರದು.

ಹೊಸ ಫ್ಲ್ಯಾಟ್ ಅಂತೂ ಸಾಮಾನ್ಯ ಸಂಬಳದವರ ಕೈಗೆ ಎಟುಕುವುದಿಲ್ಲ. ಟೋಕಿಯೊದ 23 ವಾರ್ಡುಗಳಲ್ಲಿ ಹೊಸ ಫ್ಲ್ಯಾಟಿನ ಸರಾಸರಿ ಬೆಲೆ 2023ರಲ್ಲಿ ಸುಮಾರು 11.5 ಕೋಟಿ ಯೆನ್ ಆಯಿತು. ಅಂದರೆ ಹೆಚ್ಚುಕಡಿಮೆ 6.9 ಕೋಟಿ ರೂಪಾಯಿ. 2024ರಲ್ಲೂ ಅದೇ ಮಟ್ಟದಲ್ಲಿತ್ತು. ಹಾಗಾಗಿ ಕೈಗೆಟುಕುವ ಮನೆ ಅಂದರೆ ಹಳೇ ಮನೆ ಅಂತಲೇ ಅರ್ಥ. ಜಪಾನಿಯರು ಕಾಂಕ್ರೀಟ್ ಅಪಾರ್ಟ್‌ಮೆಂಟನ್ನು 'ಮಾನ್ಶಾನ್' ಅನ್ನುತ್ತಾರೆ. ದೇಶದಲ್ಲಿ ಇಂಥ ಸುಮಾರು 70 ಲಕ್ಷ ಮನೆಗಳಿವೆ. ಅದರಲ್ಲಿ 40 ವರ್ಷ ದಾಟಿದವು 2023ರ ಕೊನೆಗೆ ಸುಮಾರು 13.7 ಲಕ್ಷ. ಇನ್ನು 20 ವರ್ಷಕ್ಕೆ ಅದು 46 ಲಕ್ಷ ದಾಟುತ್ತದೆ ಅಂತ ಸರ್ಕಾರವೇ ಹೇಳಿದೆ. ಮುಂದಿನ ಮಾತೆಲ್ಲ ಈ ಹಳೇ ಮನೆಗಳದ್ದು.

ಕಾನೂನಿನ ಕಡೆಯಿಂದ ನೋಡಿದರೆ ಬಾಗಿಲು ಪೂರ್ತಿ ತೆರೆದೇ ಇದೆ. ವಿದೇಶಿಯರು ಫ್ಲ್ಯಾಟನ್ನೂ ಕೊಳ್ಳಬಹುದು, ಅದರ ಕೆಳಗಿನ ನೆಲದ ಪಾಲನ್ನೂ ಕೊಳ್ಳಬಹುದು. ಥಾಯ್ಲೆಂಡಿನಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡದ ಒಟ್ಟು ಜಾಗದಲ್ಲಿ ಶೇ 49ಕ್ಕಿಂತ ಜಾಸ್ತಿ ವಿದೇಶಿಯರ ಕೈಗೆ ಹೋಗಬಾರದು ಅಂತ ಮಿತಿಯಿದೆ. ಇಲ್ಲಿ ಆ ಥರದ ಮಿತಿ ಇಲ್ಲ. ಆದರೆ ಮನೆ ಕೊಂಡರೆ ವೀಸಾ ಸಿಗುವುದೂ ಇಲ್ಲ. ನಿಮ್ಮ ಹೆಸರಲ್ಲಿ ಮನೆ ಇದ್ದರೂ ವೀಸಾ ಮುಗಿದರೆ ಹೊರಡಬೇಕು.

ಮುಚ್ಚಿರುವುದು ಬ್ಯಾಂಕಿನ ಬಾಗಿಲು. ಬಹುತೇಕ ಬ್ಯಾಂಕುಗಳು ಗೃಹಸಾಲಕ್ಕೆ ಕಾಯಂ ನಿವಾಸದ ಪರವಾನಗಿ, ಅಂದರೆ ಪಿಆರ್ ಕೇಳುತ್ತವೆ. 35 ವರ್ಷ ಬಡ್ಡಿ ಬದಲಾಗದ 'ಫ್ಲ್ಯಾಟ್ 35' ಸಾಲಕ್ಕೂ ಪಿಆರ್ ಬೇಕು. ಪಿಆರ್ ಸಿಗಲು ಸಾಮಾನ್ಯವಾಗಿ 10 ವರ್ಷ ವಾಸ ಆಗಿರಬೇಕು. ಓದು, ಸಂಬಳ, ವಯಸ್ಸು ಎಲ್ಲ ನೋಡಿ ಕೊಡುವ ಪಾಯಿಂಟ್ ಲೆಕ್ಕದಲ್ಲಿ 70 ಬಂದವರಿಗೆ 3 ವರ್ಷ, 80 ಬಂದವರಿಗೆ 1 ವರ್ಷ ಸಾಕು. ಪಿಆರ್ ಇಲ್ಲದವರಿಗೂ ಕೆಲವು ಬ್ಯಾಂಕುಗಳು ಸಾಲ ಕೊಡುತ್ತವೆ, ಆದರೆ ಕೈಯಿಂದ ಜಾಸ್ತಿ ಮುಂಗಡ ಹಾಕಬೇಕು. ಸಾಲದ ಜೊತೆ 'ದಾನ್‌ಶಿನ್' ಅನ್ನುವ ಜೀವವಿಮೆ ಬರುತ್ತದೆ. ಸಾಲಗಾರ ತೀರಿಕೊಂಡರೆ ಸಾಲವೂ ತೀರುತ್ತದೆ, ಮನೆ ಹೆಂಡತಿ ಮಕ್ಕಳಿಗೆ ಉಳಿಯುತ್ತದೆ. ತುಂಬಾ ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೆ ಆರೋಗ್ಯದ ವಿವರ ಬರೆದುಕೊಡಬೇಕು. ಸಕ್ಕರೆ ಕಾಯಿಲೆ ಇದ್ದವರ ಅರ್ಜಿ ಅಲ್ಲಿಗೇ ನಿಲ್ಲುವುದುಂಟು. ನಮ್ಮವರಿಗೆ ಈ ಕಾಯಿಲೆ ಎಷ್ಟು ಜಾಸ್ತಿ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಮನೆ ನೋಡುವ ಮೊದಲೇ ಬ್ಯಾಂಕಿನ ಜೊತೆ ಮಾತಾಡಿಬಿಡಿ.

ಬಡ್ಡಿಯ ಕಾಲವೂ ಬದಲಾಗಿದೆ. ಬ್ಯಾಂಕ್ ಆಫ್ ಜಪಾನ್ 2024ರ ಮಾರ್ಚ್‌ನಲ್ಲಿ ಸೊನ್ನೆಗಿಂತ ಕೆಳಗಿನ ಬಡ್ಡಿಯನ್ನು ಕೈಬಿಟ್ಟಿತು. 2025ರ ಡಿಸೆಂಬರ್ ಹೊತ್ತಿಗೆ ದರವನ್ನು ಶೇ 0.75ಕ್ಕೆ ಏರಿಸಿತು. ಭಾರತದ ಗೃಹಸಾಲದ ಎದುರು ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಇಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದು ದರ ಬದಲಾಗುವ ಸಾಲ. ಏರಿಕೆ ಸೀದಾ ಮನೆಯ ಖರ್ಚಿಗೆ ಬಂದು ಮುಟ್ಟುತ್ತದೆ.

ಸಾಲಕ್ಕೂ ಕಟ್ಟಡದ ವಯಸ್ಸಿಗೂ ಇರುವ ನಂಟನ್ನು ಗಮನವಿಟ್ಟು ನೋಡಬೇಕು. ಜಪಾನ್ ತೆರಿಗೆ ಲೆಕ್ಕದಲ್ಲಿ ಕಾಂಕ್ರೀಟ್ ವಾಸದ ಕಟ್ಟಡದ ಆಯಸ್ಸು 47 ವರ್ಷ. 47 ಆದ ಕೂಡಲೇ ಕಟ್ಟಡ ಬೀಳುವುದಿಲ್ಲ, ಬರೀ ಲೆಕ್ಕದ ಸಂಖ್ಯೆ ಅದು. ಆದರೂ ಎಷ್ಟೋ ಬ್ಯಾಂಕುಗಳು ಸಾಲದ ಅವಧಿ ಗೊತ್ತುಮಾಡುವಾಗ ಆ ಸಂಖ್ಯೆಯನ್ನು ನೋಡುತ್ತವೆ. 40 ವರ್ಷದ ಕಟ್ಟಡಕ್ಕೆ 30 ವರ್ಷದ ಸಾಲ ಸಿಗುವುದು ಕಷ್ಟ. ನೀವು ಕೈಯಲ್ಲಿ ದುಡ್ಡಿಟ್ಟುಕೊಂಡು ಕೊಂಡಿರಿ ಅನ್ನೋಣ. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಸಾಲ ಸಿಗುವುದಿಲ್ಲ. ಅವರೂ ರೊಕ್ಕ ಎಣಿಸಿಯೇ ಕೊಳ್ಳಬೇಕು. ಹಾಗೆ ಕೊಳ್ಳುವವರು ಕಮ್ಮಿ, ಅದಕ್ಕೇ ಬೆಲೆ ಇಳಿಯುತ್ತದೆ.

ಇನ್ನು ಭೂಕಂಪ. 1978ರಲ್ಲಿ ಮಿಯಾಗಿ ಕಡೆ ದೊಡ್ಡ ಭೂಕಂಪವಾಯಿತು. ಅದರ ಪಾಠದಿಂದ ಕಟ್ಟಡದ ನಿಯಮ ಬದಲಾಯಿತು. 1981ರ ಜೂನ್ 1ರಿಂದ ಹೊಸ ನಿಯಮ, ಇಲ್ಲಿನ ಮಾತಲ್ಲಿ 'ಶಿನ್-ತೈಶಿನ್'. ಅದಕ್ಕೆ ಮೊದಲಿನದ್ದು 'ಕ್ಯೂ-ತೈಶಿನ್'. 1995ರ ಕೋಬೆ ಭೂಕಂಪದಲ್ಲಿ ಇವೆರಡರ ವ್ಯತ್ಯಾಸ ಕಣ್ಣಿಗೆ ಹೊಡೆದಂತೆ ಕಂಡಿತು. ಇಲ್ಲಿ ತುಂಬಾ ಜನ ಎಡವುವುದು ತಾರೀಖಿನಲ್ಲಿ. ನೋಡಬೇಕಾದ್ದು ಕಟ್ಟಿ ಮುಗಿಸಿದ ದಿನವನ್ನಲ್ಲ, ನಕ್ಷೆಗೆ ಮಂಜೂರಾತಿ ಸಿಕ್ಕ ದಿನವನ್ನು. ದೊಡ್ಡ ಕಟ್ಟಡ ಕಟ್ಟಲು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. '1982ರ ಕಟ್ಟಡ' ಅಂತ ಜಾಹೀರಾತಿನಲ್ಲಿ ಬರೆದಿದ್ದರೂ ಅದು ಹಳೇ ನಿಯಮದ್ದೇ ಇರಬಹುದು. ಏಜೆಂಟನ್ನು ಆ ದಿನಾಂಕ ಕೇಳಿ, ಕಾಗದ ತೋರಿಸುತ್ತಾರೆ.

ಹಳೇ ನಿಯಮದ್ದೆಲ್ಲ ಕೆಟ್ಟದ್ದು ಅಂತಲೂ ಅಲ್ಲ. ಕಂಬಗಳ ಬದಲು ದಪ್ಪ ಗೋಡೆಗಳೇ ಭಾರ ಹೊರುವ ನಾಲ್ಕೈದು ಮಹಡಿಯ ಹಳೇ ಕಟ್ಟಡಗಳು ಕೋಬೆಯಲ್ಲಿ ಚೆನ್ನಾಗಿ ತಡೆದುಕೊಂಡವು. ನಾನು ನೋಡಿದ ಫುನಾಬಾಶಿಯ ಕಟ್ಟಡವೂ ಆ ಜಾತಿಯದ್ದೇ. ಕೆಳಗೆ ಅಂಗಡಿ ಅಥವಾ ಪಾರ್ಕಿಂಗ್‌ಗೆ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಲ್ಲಿಸಿದ ಹಳೇ ಕಟ್ಟಡಗಳಿಗೆ ಮಾತ್ರ ನಾನಾದರೆ ಹೋಗುವುದಿಲ್ಲ.

ಆ ಫ್ಲ್ಯಾಟನ್ನು ನಾವು ಬಿಟ್ಟದ್ದು ಭೂಕಂಪದ ಭಯಕ್ಕಲ್ಲ. ಪೈಪಿಗೆ.

ಪ್ರತಿ ಮಾನ್ಶಾನ್‌ನಲ್ಲಿ ತಿಂಗಳಿಗೆ ಎರಡು ಬಾಬ್ತು ಕಟ್ಟಬೇಕು. ಒಂದು, ಗುಡಿಸುವುದು, ದೀಪ, ಲಿಫ್ಟ್ ಇವಕ್ಕೆಲ್ಲ ಮೇಂಟೆನೆನ್ಸ್. ಇನ್ನೊಂದು, ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ಹಣ. ಜಪಾನಿಯಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ನಾವು ರಿಪೇರಿ ನಿಧಿ ಅನ್ನೋಣ. 12ರಿಂದ 15 ವರ್ಷಕ್ಕೊಮ್ಮೆ ಇಡೀ ಕಟ್ಟಡಕ್ಕೆ ಸಾರವೆ ಕಟ್ಟಿ ಬಣ್ಣ, ತಾರಸಿ, ಬಿರುಕು ಎಲ್ಲ ಸರಿಮಾಡುತ್ತಾರೆ. ಆ ದುಡ್ಡು ಈ ನಿಧಿಯಿಂದ ಬರಬೇಕು. ಫುನಾಬಾಶಿಯಲ್ಲಿ ಮೇಂಟೆನೆನ್ಸ್ 8,500 ಯೆನ್, ರಿಪೇರಿ ನಿಧಿ 6,200 ಯೆನ್. ಒಟ್ಟು 14,700. ಕೇಳಲು ಹಿತವಾಗಿತ್ತು.

ಸರ್ಕಾರ 2021ರಲ್ಲಿ ತಿದ್ದಿದ ಮಾರ್ಗಸೂಚಿ ಒಂದಿದೆ. ಒಟ್ಟು 5,000 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಕ್ಕೆ, ಚದರ ಮೀಟರಿಗೆ ತಿಂಗಳಿಗೆ ಸರಾಸರಿ 335 ಯೆನ್ ಕೂಡಿಡಬೇಕು ಅನ್ನುತ್ತದೆ ಅದು. 48 ಚದರ ಮೀಟರಿಗೆ 16,000 ಯೆನ್ ಆಯಿತು. ಇವರು ಕೂಡಿಡುತ್ತಿದ್ದದ್ದು 6,200. ಉಳಿದದ್ದು ಎಲ್ಲಿಂದ ಬರುತ್ತದೆ?

ಏಜೆಂಟನ್ನು ಕೇಳಿ ಕಟ್ಟಡದ ಮಾಲೀಕರ ಹಿಂದಿನ ಮೂರು ವರ್ಷದ ಸಭೆಗಳ ನಡಾವಳಿ ತರಿಸಿದೆವು. ಜಪಾನಿಯಲ್ಲಿ, ಸಣ್ಣ ಅಕ್ಷರದಲ್ಲಿ, 20 ಪುಟ. ಎರಡು ರಾತ್ರಿ ಕೂತು ಓದಿದೆವು. 40 ಮನೆಗಳ ಕಟ್ಟಡ. ನಿಧಿಯಲ್ಲಿದ್ದದ್ದು 1.4 ಕೋಟಿ ಯೆನ್. ಕೊಳಚೆ ನೀರಿನ ಪೈಪುಗಳನ್ನು ಪೂರ್ತಿ ಬದಲಾಯಿಸಲು ಕೊಟ್ಟ ಅಂದಾಜು 4 ಕೋಟಿ. ಮೂರು ಮನೆಯವರು ವರ್ಷದಿಂದ ಹಣ ಕಟ್ಟಿಲ್ಲ. 'ಮನೆಗೆ 6.5 ಲಕ್ಷ ಯೆನ್ ಒಟ್ಟಿಗೆ ಎತ್ತುವುದೋ, ತಿಂಗಳ ನಿಧಿಯನ್ನು 17,000ಕ್ಕೆ ಏರಿಸುವುದೋ' ಅನ್ನುವುದರ ಮೇಲೆ ಎರಡು ಸಭೆ ನಡೆದಿದೆ. ಎರಡರಲ್ಲೂ ತೀರ್ಮಾನವಾಗಿಲ್ಲ. ಒಂದು ಸಾಲು ನನ್ನ ಮನಸ್ಸಿನಲ್ಲಿ ಉಳಿಯಿತು: '302ರ ಬಚ್ಚಲಿನ ಸೋರಿಕೆ ಮತ್ತೆ ಕಾಣಿಸಿದೆ.' ನಾವು ನೋಡಿದ್ದು 402. ಹಳೇ ಕಟ್ಟಡಗಳಲ್ಲಿ ಮೇಲಿನ ಮನೆಯ ಕೊಳಚೆ ಪೈಪು ಕೆಳಮನೆಯ ಸೂರಿನೊಳಗೆ ಹಾದುಹೋಗುತ್ತದೆ. ಅದನ್ನು ರಿಪೇರಿ ಮಾಡಲು ಕೆಳಮನೆಯವರ ಸೂರು ಒಡೆಯಬೇಕು. ಬಿಳಿ ಗೋಡೆ ಕಾಗದದ ಹಿಂದೆ ಇದ್ದದ್ದು ಇದು.

ಕೂತು ಲೆಕ್ಕ ಹಾಕಿದೆವು. 10 ವರ್ಷ ಇರುತ್ತೇವೆ ಅಂದುಕೊಳ್ಳಿ. ಮನೆ 50 ಲಕ್ಷ ಯೆನ್. ಬ್ರೋಕರ್, ರಿಜಿಸ್ಟ್ರೇಷನ್ ಎಲ್ಲ ಸೇರಿ 5 ಲಕ್ಷ. ನಿಧಿ ಏರಿದ ಮೇಲೆ ತಿಂಗಳಿಗೆ 25,500, ಹತ್ತು ವರ್ಷಕ್ಕೆ ಸುಮಾರು 31 ಲಕ್ಷ. ಮನೆ ತೆರಿಗೆ 4 ಲಕ್ಷ. ಒಟ್ಟು 90 ಲಕ್ಷ ಯೆನ್. ಅದೇ ಅಳತೆಯ ಮನೆ ಅಲ್ಲೇ ಹತ್ತಿರದಲ್ಲಿ ತಿಂಗಳಿಗೆ 58,000ಕ್ಕೆ ಬಾಡಿಗೆಗೆ ಇತ್ತು. ಹತ್ತು ವರ್ಷಕ್ಕೆ 70 ಲಕ್ಷ. ಅಂದರೆ ಹತ್ತು ವರ್ಷದ ನಂತರ ಆ ಫ್ಲ್ಯಾಟನ್ನು ಕನಿಷ್ಠ 20 ಲಕ್ಷಕ್ಕೆ ಮಾರಲು ಆದರೆ ಮಾತ್ರ ಕೊಂಡದ್ದು ಬಾಡಿಗೆಗೆ ಸಮ. ಆಗ ಕಟ್ಟಡಕ್ಕೆ 56 ವರ್ಷ ದಾಟಿರುತ್ತದೆ. ಲಿಫ್ಟಿಲ್ಲದ ನಾಲ್ಕನೇ ಮಹಡಿಯ ಮನೆಯನ್ನು ಆಗ ಯಾರು ಕೊಳ್ಳುತ್ತಾರೆ? ಈ ಪ್ರಶ್ನೆಗೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಇದು ಒಂದು ಕಟ್ಟಡದ ಕಥೆ ಅಂದುಕೊಳ್ಳಬೇಡಿ. ತಮ್ಮದೇ ಯೋಜನೆಯ ಪ್ರಕಾರ ಇರಬೇಕಾದಷ್ಟು ಹಣ ನಿಧಿಯಲ್ಲಿ ಇಲ್ಲದ ಮಾನ್ಶಾನ್‌ಗಳು ದೇಶದಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಅಂತ ಸರ್ಕಾರದ 2023ರ ಸಮೀಕ್ಷೆ ಹೇಳುತ್ತದೆ. ಹೊಸದಾಗಿ ಮಾರುವಾಗ ತಿಂಗಳ ಖರ್ಚು ಕಮ್ಮಿ ತೋರಿಸಲು ಬಿಲ್ಡರುಗಳು ನಿಧಿಯನ್ನು ತುಂಬಾ ಕೆಳಗೆ ಇಡುತ್ತಾರೆ. ಆಮೇಲೆ ಏರಿಸಲು ಸಭೆಯ ಒಪ್ಪಿಗೆ ಬೇಕು. ಪಿಂಚಣಿಯಲ್ಲಿ ಬದುಕುವ 75 ವರ್ಷದ ಅಜ್ಜ ಅಜ್ಜಿಯರು ಮೂರು ಪಟ್ಟು ಏರಿಕೆಗೆ ಹೇಗೆ ಕೈ ಎತ್ತುತ್ತಾರೆ ಹೇಳಿ. ಅವರದ್ದೂ ತಪ್ಪಲ್ಲ.

ಇದರ ಕೊನೆ ಎಲ್ಲಿ ಅಂತ ನೋಡಬೇಕಾದರೆ ನೀಗಾತಾ ಪ್ರಾಂತ್ಯದ ಯುಝಾವಾಕ್ಕೆ ಹೋಗಬೇಕು. ಶಿಂಕನ್ಸೆನ್ ಬುಲೆಟ್ ರೈಲಿನಲ್ಲಿ ಟೋಕಿಯೊದಿಂದ ಒಂದೂಕಾಲು ಗಂಟೆ. 1980ರ ದಶಕದ ಕೊನೆಯ ಜಮೀನು ಹುಚ್ಚಿನ ಕಾಲದಲ್ಲಿ ಹಿಮದ ಬೆಟ್ಟಗಳ ನಡುವೆ ಸಾಲುಸಾಲು ಮಾನ್ಶಾನ್ ಕಟ್ಟಿದರು. ಬಿಸಿನೀರಿನ ಸ್ನಾನದ ಕೊಳ, ಜಿಮ್ಮು ಎಲ್ಲ ಇದ್ದವು. ಆ ಹುಚ್ಚು ಇಳಿದ ಮೇಲೆ ಅಲ್ಲಿನ ಕೆಲವು ಫ್ಲ್ಯಾಟುಗಳು 1 ಲಕ್ಷ ಯೆನ್‌ಗೆ, ಅಂದರೆ 60 ಸಾವಿರ ರೂಪಾಯಿಗೆ ಮಾರಾಟಕ್ಕೆ ಬಂದವು. ಆ ಕೊಳ, ಆ ಜಿಮ್ಮು ನಡೆಸುವ ತಿಂಗಳ ಖರ್ಚು ಮಾತ್ರ ಇಳಿಯಲಿಲ್ಲ. ಇನ್ನೊಂದು ಮಾತು: ಹಿಂದಿನ ಮಾಲೀಕ ಮೇಂಟೆನೆನ್ಸ್ ಬಾಕಿ ಇಟ್ಟಿದ್ದರೆ, ಜಪಾನ್ ಕಾನೂನಿನ ಪ್ರಕಾರ ಆ ಬಾಕಿಯನ್ನು ಹೊಸಬರಿಂದ ವಸೂಲಿ ಮಾಡಬಹುದು. ಯೂಟ್ಯೂಬಿನಲ್ಲಿ 'ಜಪಾನ್‌ನಲ್ಲಿ ಮೊಬೈಲ್ ಬೆಲೆಗೆ ಮನೆ' ಅಂತ ತೋರಿಸುವವರು ಇದನ್ನು ಹೇಳುವುದಿಲ್ಲ. ಅದನ್ನು ನೋಡಿ ದುಡ್ಡು ಕಳಿಸಲು ಸಿದ್ಧರಾದವರನ್ನು ನಾನೇ ಕಂಡಿದ್ದೇನೆ.

ನೀರಿನ ವಿಷಯವನ್ನೂ ಹೇಳಬೇಕು. ನಿಶಿ-ಕಸಾಯಿ ಇರುವ ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. 2019ರಲ್ಲಿ ವಾರ್ಡ್ ಆಫೀಸು ಮನೆಮನೆಗೆ ಪ್ರವಾಹದ ನಕ್ಷೆ ಹಂಚಿತು. ಅದರ ಮುಖಪುಟದಲ್ಲಿ ವಾರ್ಡಿನ ನಕ್ಷೆಯ ಮೇಲೆ ಹೀಗೆ ಬರೆದಿತ್ತು: 'ಇಲ್ಲಿ ಇರಬೇಡಿ'. ದೊಡ್ಡ ಪ್ರವಾಹ ಬರುವ ಸೂಚನೆ ಸಿಕ್ಕರೆ ವಾರ್ಡ್ ಬಿಟ್ಟು ಹೊರಗೆ ಹೋಗಿ ಅಂತ. ತನ್ನ ಜನರಿಗೆ ಇಷ್ಟು ನೇರವಾಗಿ ಸತ್ಯ ಹೇಳಿದ ಆ ಆಫೀಸಿನ ಬಗ್ಗೆ ನನಗೆ ಗೌರವ ಇದೆ. 2020ರ ಆಗಸ್ಟ್‌ನಿಂದ, ಮನೆ ಮಾರುವ ಏಜೆಂಟ್ ಆ ಮನೆ ಪ್ರವಾಹದ ನಕ್ಷೆಯಲ್ಲಿ ಎಲ್ಲಿ ಬರುತ್ತದೆ ಅಂತ ತೋರಿಸಲೇಬೇಕು. ಬಾಡಿಗೆದಾರರಾದರೆ ಚೀಲ ಎತ್ತಿಕೊಂಡು ಹೋಗಬಹುದು. ಮಾಲೀಕರಿಗೆ ಅಷ್ಟು ಸುಲಭವಲ್ಲ. ಮೇಲಿನ ಮಹಡಿಯಲ್ಲಿದ್ದರೂ ಕರೆಂಟಿನ ಕೋಣೆ, ನೀರಿನ ಪಂಪು ನೆಲಮಟ್ಟದಲ್ಲಿದ್ದರೆ ಬದುಕು ನಿಲ್ಲುತ್ತದೆ.

ಬೆಂಗಳೂರಿನ ಸೂಪರ್ ಬಿಲ್ಟಪ್, ಕಾರ್ಪೆಟ್ ಏರಿಯಾ ಗೊಂದಲ ಗೊತ್ತಲ್ವಾ? ಅದರ ಸಣ್ಣ ತಮ್ಮ ಇಲ್ಲೂ ಇದ್ದಾನೆ. ಜಾಹೀರಾತಿನಲ್ಲಿ ಗೋಡೆಯ ನಡುಮಧ್ಯದಿಂದ ಅಳೆಯುತ್ತಾರೆ, ರಿಜಿಸ್ಟರಿನಲ್ಲಿ ಗೋಡೆಯ ಒಳಮೈಯಿಂದ. ಹಾಗಾಗಿ ಕಾಗದದಲ್ಲಿ ಮೂರು ಚದರ ಮೀಟರ್ ಕಮ್ಮಿ ಬರಬಹುದು. ಗೃಹಸಾಲದ ತೆರಿಗೆ ರಿಯಾಯಿತಿಗೆ ಇಷ್ಟು ಚದರ ಮೀಟರ್ ಇರಲೇಬೇಕು ಅಂತ ಮಿತಿಯಿದೆ, ಅದಕ್ಕೆ ಲೆಕ್ಕಕ್ಕೆ ಬರುವುದು ರಿಜಿಸ್ಟರಿನ ಅಳತೆ. ಬಾಲ್ಕನಿಯಂತೂ ನಿಮ್ಮದಲ್ಲವೇ ಅಲ್ಲ. ಅದು ಎಲ್ಲರಿಗೂ ಸೇರಿದ ಜಾಗ, ಬಳಸುವ ಹಕ್ಕು ಮಾತ್ರ ನಿಮ್ಮದು. ಪಕ್ಕದ ಮನೆಯ ನಡುವಿನ ತೆಳು ಹಲಗೆಯನ್ನು ಬೆಂಕಿ ಬಿದ್ದರೆ ಒಡೆದು ಓಡಬೇಕು. ಹಾಗಾಗಿ ಅಲ್ಲಿ ಕಪಾಟು ಇಡುವಂತಿಲ್ಲ, ಗ್ರಿಲ್ ಹಾಕಿಸುವಂತಿಲ್ಲ.

ಕೊಳ್ಳುವ ದಿನದ ಕೆಲಸ ಮಾತ್ರ ಇಲ್ಲಿ ಅಚ್ಚುಕಟ್ಟು. ಪರವಾನಗಿ ಇರುವ ಒಬ್ಬರು ತಮ್ಮ ಕಾರ್ಡ್ ತೋರಿಸಿ, ಮನೆಯ ಎಲ್ಲ ವಿವರವನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಎರಡು ಗಂಟೆ ಹಿಡಿಯುತ್ತದೆ. ಆ ಕಾಗದವನ್ನು ಹಿಂದಿನ ವಾರವೇ ಕೇಳಿ ಪಡೆಯಿರಿ. ಸಹಿ ಹಾಕುವ ದಿನ ಮೊದಲ ಸಲ ಕೇಳಿದರೆ ತಲೆಗೆ ಹತ್ತುವುದಿಲ್ಲ. ಮುಂಗಡ ಕೊಟ್ಟ ಮೇಲೆ ನೀವು ಹಿಂದೆ ಸರಿದರೆ ಅದು ಹೋಯಿತು. ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. 'ಸಾಲ ಸಿಗದಿದ್ದರೆ ಮುಂಗಡ ವಾಪಸ್' ಅನ್ನುವ ಷರತ್ತು ಕರಾರಿನಲ್ಲಿ ಇದೆಯಾ ಅಂತ ಬೆರಳಿಟ್ಟು ನೋಡಿ. ಬ್ರೋಕರ್ ಕಮಿಷನ್‌ಗೆ ಮಿತಿ ಇದೆ: ಬೆಲೆಯ ಶೇ 3, ಅದರ ಮೇಲೆ 60,000 ಯೆನ್, ಅದಕ್ಕೆ ತೆರಿಗೆ. 80 ಲಕ್ಷ ಯೆನ್‌ವರೆಗಿನ ಮನೆಗಳಿಗೆ 2024ರ ಜುಲೈನಿಂದ ತೆರಿಗೆ ಸೇರಿ 3.3 ಲಕ್ಷ ಯೆನ್‌ವರೆಗೆ ಕೇಳಬಹುದು. ಮನೆ ಕೊಂಡು ಎಷ್ಟೋ ತಿಂಗಳಾದ ಮೇಲೆ ಖರೀದಿ ತೆರಿಗೆಯ ಚೀಟಿ ಅಂಚೆಯಲ್ಲಿ ಬರುತ್ತದೆ, ಅದಕ್ಕೊಂದಿಷ್ಟು ಎತ್ತಿಡಿ.

ಈಗ ರಾಜಕೀಯ. ಜಪಾನ್‌ನಲ್ಲಿ 2025ರ ಜುಲೈ ಚುನಾವಣೆಯ ಹೊತ್ತಿಗೆ ವಿದೇಶಿಯರ ಆಸ್ತಿ ಖರೀದಿ ದೊಡ್ಡ ಮಾತಾಯಿತು. 'ವಿದೇಶಿಯರು ಕೊಳ್ಳುವುದರಿಂದಲೇ ಬೆಲೆ ಏರಿದೆ' ಅನ್ನುವ ಕೂಗು ಜೋರಾಯಿತು. ಅದೇ ತಿಂಗಳು ಟೋಕಿಯೊದ ಚಿಯೋದಾ ವಾರ್ಡು, ಹೊಸ ಫ್ಲ್ಯಾಟ್ ಕೊಂಡವರು 5 ವರ್ಷ ಮಾರದಂತೆ ಷರತ್ತು ಹಾಕಿ ಅಂತ ಬಿಲ್ಡರುಗಳ ಸಂಘವನ್ನು ಕೇಳಿತು. ಆಮೇಲೆ ಸರ್ಕಾರ ಲೆಕ್ಕ ತೆಗೆಯಿತು. 2025ರ ಮೊದಲ ಆರು ತಿಂಗಳಲ್ಲಿ 23 ವಾರ್ಡುಗಳಲ್ಲಿ ಹೊಸ ಫ್ಲ್ಯಾಟ್ ಕೊಂಡವರಲ್ಲಿ ವಿದೇಶದ ವಿಳಾಸ ಇದ್ದವರು ಸುಮಾರು ಶೇ 3.5. ನಡು ಟೋಕಿಯೊದ ಆರು ವಾರ್ಡುಗಳಲ್ಲಿ ಇದು ಜಾಸ್ತಿ. ಹೊರಗೆ ಕೂತು ಲಾಭಕ್ಕೆ ಕೊಳ್ಳುವವರು ಬೇರೆ, ಇಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಕಳಿಸುತ್ತಾ ಹಳೇ ಫ್ಲ್ಯಾಟ್ ಕೊಳ್ಳುವವರು ಬೇರೆ. ಮಾತಿನ ಭರದಲ್ಲಿ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕುತ್ತಿದ್ದಾರೆ. ಇದು ನನಗೆ ನೋವಿನ ವಿಷಯ. ಯಾರೂ ಕೊಳ್ಳದೆ ಮುದಿಯಾಗುತ್ತಿರುವ ಕಟ್ಟಡಗಳಿಗೆ ನಮ್ಮಂಥವರು ಹೋಗಿ ನಿಧಿ ಕಟ್ಟಿದರೆ ಪಕ್ಕದ ಮನೆಯ ಅಜ್ಜಿಗೂ ಒಳ್ಳೆಯದೇ.

ಮಾನ್ಶಾನ್ ಕಾನೂನನ್ನು 2025ರ ಮೇ ತಿಂಗಳಲ್ಲಿ ತಿದ್ದಿದರು. 2026ರ ಏಪ್ರಿಲ್ 1ರಿಂದ ಜಾರಿ. ಭೂಕಂಪ ತಡೆಯುವ ಶಕ್ತಿ ಸಾಲದು ಅಂತ ಗೊತ್ತಾದ ಕಟ್ಟಡವನ್ನು ಕೆಡವಿ ಕಟ್ಟಲು ಮೊದಲು ಐದರಲ್ಲಿ ನಾಲ್ಕು ಪಾಲು ಮಾಲೀಕರ ಒಪ್ಪಿಗೆ ಬೇಕಿತ್ತು. ಈಗ ನಾಲ್ಕರಲ್ಲಿ ಮೂರು ಪಾಲು ಸಾಕು. ಪತ್ತೆಯಿಲ್ಲದ ಮಾಲೀಕರನ್ನು ಕೋರ್ಟಿನ ಮೂಲಕ ಎಣಿಕೆಯಿಂದ ಬಿಡಬಹುದು. ವಿದೇಶದಲ್ಲಿರುವ ಮಾಲೀಕರು ಇಲ್ಲಿ ಒಬ್ಬರನ್ನು ತಮ್ಮ ಪರವಾಗಿ ನೇಮಿಸಬಹುದು. ಅಂದರೆ ಹಳೇ ಕಟ್ಟಡದಲ್ಲಿ ನೀವು ಬೇಡ ಅಂದರೂ ತೀರ್ಮಾನ ಆಗಿಬಿಡುವ ಸಾಧ್ಯತೆ ಜಾಸ್ತಿಯಾಗಿದೆ. 'ಕೆಡವಿ ಕಟ್ಟಿದರೆ ಹೊಸ ಮನೆ ಪುಕ್ಕಟೆ ಸಿಗುತ್ತೆ' ಅನ್ನುವ ಆಸೆಯೂ ಬೇಡ. 2024ರ ಹೊತ್ತಿಗೆ ಇಡೀ ದೇಶದಲ್ಲಿ ಹಾಗೆ ಕಟ್ಟಿ ಮುಗಿದವು 300ರ ಆಸುಪಾಸು ಅಷ್ಟೇ. ಹೆಚ್ಚುವರಿ ಜಾಗ ಕಟ್ಟಿ ಮಾರಲು ಆಗುವ ಕಡೆ ಮಾತ್ರ ಲೆಕ್ಕ ಕೂಡುತ್ತದೆ.

ವಾಪಸ್ ಊರಿಗೆ ಹೋಗುವ ದಿನದ ಬಗ್ಗೆ ಯಾರೂ ಯೋಚಿಸುವುದಿಲ್ಲ. 5 ವರ್ಷದೊಳಗೆ ಮಾರಿದರೆ ಲಾಭದ ಮೇಲೆ ತೆರಿಗೆ ಶೇ 39.63. ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಶೇ 20.315. ಆ 5 ವರ್ಷವನ್ನು ಎಣಿಸುವುದು ಮಾರಿದ ವರ್ಷದ ಜನವರಿ 1ಕ್ಕೆ, ಅದಕ್ಕೇ ನಿಜವಾಗಿ 6 ವರ್ಷದ ಹತ್ತಿರ ಬರುತ್ತದೆ. ಗೃಹಸಾಲ ಕೊಡುವುದು ನೀವು ಅಲ್ಲಿ ವಾಸ ಮಾಡಲಿಕ್ಕೆ. ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಹೊರಡುವ ಮೊದಲು ಬ್ಯಾಂಕನ್ನು ಕೇಳಬೇಕು. ಊರಿಗೆ ಹೋದ ಮೇಲೂ ಈ ಮನೆ ಇಟ್ಟುಕೊಳ್ಳಲು ಭಾರತದ ವಿದೇಶಿ ವಿನಿಮಯದ ಕಾನೂನು ಫೆಮಾ ಬಿಡುತ್ತದೆ, ಯಾಕೆಂದರೆ ನೀವು ಅನಿವಾಸಿ ಆಗಿದ್ದಾಗ ಕೊಂಡದ್ದು. ಆದರೆ ಮತ್ತೆ ಪೂರ್ತಿ ನಿವಾಸಿ ಆದ ಮೇಲೆ ಐಟಿ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕು. ಮರೆತರೆ 2015ರ ಕಪ್ಪುಹಣ ಕಾನೂನಿನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಅಪ್ಪ ಅಮ್ಮ ಭಾರತದಿಂದ ದುಡ್ಡು ಕಳಿಸುವುದಾದರೆ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. 10 ಲಕ್ಷ ರೂಪಾಯಿ ದಾಟಿದ ಮೇಲೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೊದಲೇ ವಸೂಲು ಮಾಡುವ ತೆರಿಗೆ ಹಿಡಿಯುತ್ತದೆ, ಅದನ್ನು ಆಮೇಲೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು.

ಒಂದು ವಿಷಯವನ್ನು ನನ್ನ ಗೆಳೆಯರಿಗೆ ಹೇಳಿದಾಗ ಪ್ರತಿ ಸಲವೂ ಮಾತು ನಿಂತುಹೋಗುತ್ತದೆ. ಕೆಲಸದ ವೀಸಾದಲ್ಲಿ 10 ವರ್ಷದೊಳಗೆ ಇದ್ದವರಿಗೆ, ಊರಲ್ಲಿ ಅಪ್ಪ ಬಿಟ್ಟುಹೋದ ಊರಿನ ಆಸ್ತಿಯ ಮೇಲೆ ಜಪಾನ್ ವಾರಸು ತೆರಿಗೆ ಹಾಕುವುದಿಲ್ಲ. ಪಿಆರ್ ಪಡೆದು ಇಲ್ಲೇ ಇದ್ದರೆ ಹಾಕುತ್ತದೆ. ಮೈಸೂರಿನ ಮನೆ, ತೋಟ, ಬೆಂಗಳೂರಿನ ಸೈಟು ಎಲ್ಲ ಲೆಕ್ಕಕ್ಕೆ ಬರುತ್ತವೆ. ಭಾರತದಲ್ಲಿ ಈ ತೆರಿಗೆಯೇ ಇಲ್ಲ. ಇಲ್ಲಿ ಶೇ 10ರಿಂದ 55ರವರೆಗೆ ಇದೆ. ಇಬ್ಬರು ವಾರಸುದಾರರಿದ್ದರೆ ಒಟ್ಟು 4.2 ಕೋಟಿ ಯೆನ್‌ವರೆಗೆ ವಿನಾಯಿತಿ, ಅಂದರೆ ಸುಮಾರು 2.5 ಕೋಟಿ ರೂಪಾಯಿ. ಜಯನಗರದಲ್ಲೋ ಕುವೆಂಪುನಗರದಲ್ಲೋ ಅಪ್ಪನ ಕಾಲದ ಒಂದು ಮನೆ ಇದ್ದರೆ ಇದನ್ನು ದಾಟುವುದು ಕಷ್ಟವಲ್ಲ. ಅಂದರೆ ಮನೆಸಾಲಕ್ಕೆ ಅಂತ ಮಾಡಿಸಿದ ಪಿಆರ್, ಊರಿನ ಮನೆಯ ಮೇಲೆ ಬಂದು ಕೂರುತ್ತದೆ. ಪಿಆರ್ ಬೇಡ ಅನ್ನುತ್ತಿಲ್ಲ, ನಾವೂ ಮಾಡಿಸಿದ್ದೇವೆ. ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಒಂದು ಗಂಟೆ ಕೂತು, ಅಣ್ಣತಮ್ಮಂದಿರ ಜೊತೆ ಮಾತಾಡಿಕೊಂಡು ಆಮೇಲೆ ಮಾಡಿಸಿ.

ನನ್ನ ಅಭಿಪ್ರಾಯ ಕೇಳಿದರೆ: ಏಳೆಂಟು ವರ್ಷ ಇರುವುದು ಗಟ್ಟಿಯಿಲ್ಲ ಅಂದರೆ ಯುಆರ್ ಮನೆಯಲ್ಲೇ ಇರಿ. ಇರುವುದು ಗಟ್ಟಿ ಅಂದರೆ, ಕೈಲಿರುವ ದುಡ್ಡಿಗೆ ಅತಿ ಅಗ್ಗದ್ದನ್ನು ಹುಡುಕಬೇಡಿ. 1981ರ ನಂತರದ, ನಿಧಿ ತುಂಬಿರುವ, ತಿಂಗಳ ಖರ್ಚು ಸ್ವಲ್ಪ ಜಾಸ್ತಿಯೇ ಇರುವ ಕಟ್ಟಡ ನೋಡಿ. ತಿಂಗಳ ಖರ್ಚು ಜಾಸ್ತಿ ಇದ್ದರೆ ಜನ ಹಿಂದೆ ಸರಿಯುತ್ತಾರೆ, ಆ ಕಾರಣಕ್ಕೇ ಅಂಥ ಒಳ್ಳೆಯ ಮನೆಗಳು ಕೆಲವೊಮ್ಮೆ ಸರಿಯಾದ ಬೆಲೆಗೆ ಸಿಗುತ್ತವೆ.

ನಾವು ಕೊನೆಗೆ ಕೊಂಡದ್ದು ಅದೇ ಫುನಾಬಾಶಿಯಲ್ಲಿ, ಎತ್ತರದ ಜಾಗದಲ್ಲಿ, 1991ರಲ್ಲಿ ಕಟ್ಟಿದ 62 ಚದರ ಮೀಟರಿನ ಮನೆ. ಬೆಲೆ 1.6 ಕೋಟಿ ಯೆನ್, ಫುನಾಬಾಶಿಯ ಮೊದಲ ಮನೆಯ ಮೂರು ಪಟ್ಟಿಗಿಂತ ಜಾಸ್ತಿ. ತಿಂಗಳಿಗೆ ಮೇಂಟೆನೆನ್ಸ್, ನಿಧಿ ಸೇರಿ 31,000. ಪೈಪುಗಳನ್ನು ಮೂರು ವರ್ಷದ ಹಿಂದೆ ಪೂರ್ತಿ ಬದಲಾಯಿಸಿದ್ದಾರೆ, ಸಾಲ ಮಾಡದೆ. ಕಟ್ಟಡದ ಸಮಿತಿಗೆ ಇಲ್ಲಿ ಚುನಾವಣೆ ಇಲ್ಲ, ಮನೆ ನಂಬರಿನ ಪ್ರಕಾರ ಪಾಳಿ ಬರುತ್ತದೆ. ಹೋದ ವಾರ ಅಂಚೆ ಡಬ್ಬಿಯಲ್ಲಿ ಚೀಟಿ ಇತ್ತು. ಕೆಳಗೆ ಯಾರೋ ಪೆನ್ನಿನಲ್ಲಿ, ಕಷ್ಟದ ಅಕ್ಷರಗಳ ಪಕ್ಕ ಓದುವ ರೀತಿಯನ್ನೂ ಸಣ್ಣದಾಗಿ ಬರೆದುಕೊಟ್ಟಿದ್ದರು. ಮುಂದಿನ ವರ್ಷ ಲೆಕ್ಕ ನೋಡುವ ಪಾಳಿ ನಮ್ಮ ಮನೆಯದು.